ಸಲ್ಫೈಡ್ ಘನ ಎಲೆಕ್ಟ್ರೋಲೈಟ್: ನಮ್ಮ ಕಡೆಯ ಪ್ರಯೋಗಾಲಯಕ್ಕೆ ಯಾವುದು ಹೊಂದುತ್ತದೆ?

ಪೂರ್ಣ ಘನಸ್ಥಿತಿಯ ಲಿಥಿಯಂ ಬ್ಯಾಟರಿಯ ಮೇಲೆ ಕೆಲಸ ಶುರುಮಾಡುವವರು ಸಾಮಾನ್ಯವಾಗಿ ಮೊದಲು ನೋಡುವುದು ಘನ ಎಲೆಕ್ಟ್ರೋಲೈಟ್‌ನ (ಎರಡು ಎಲೆಕ್ಟ್ರೋಡ್‌ಗಳ ನಡುವೆ ಲಿಥಿಯಂ ಅಯಾನು ಸಾಗಿಸುವ ಪದರದ) ವಾಹಕತೆಯ ಅಂಕಿಯನ್ನು. ಪಟ್ಟಿಯಲ್ಲಿ ಯಾವುದರ ಅಂಕಿ ದೊಡ್ಡದೋ ಅದನ್ನೇ ತರಿಸೋಣ ಎಂಬ ಲೆಕ್ಕ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೂತು ಆರಿಸುವವರಿಗೆ ಈ ಲೆಕ್ಕ ಸಾಲದು. ಇಲ್ಲಿ ಆಯ್ಕೆಯನ್ನು ತೀರ್ಮಾನಿಸುವುದು ಗಾಳಿಯ ತೇವ, ಕೈಯಲ್ಲಿರುವ ಕುಲುಮೆ, ಪ್ರೆಸ್, ಮತ್ತು ಎಲೆಕ್ಟ್ರೋಲೈಟ್‌ನ ಎರಡೂ ಪಕ್ಕ ಕೂರಿಸುವ ಎಲೆಕ್ಟ್ರೋಡ್. ವಾಹಕತೆಯ ಸರದಿ ಆಮೇಲೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಬಾರಿಗೆ ಕೈಹಾಕುವವರು ಕ್ಲೋರಿನ್ ಆರ್ಜಿರೊಡೈಟ್ (ಲಿಥಿಯಂ, ರಂಜಕ, ಗಂಧಕ, ಕ್ಲೋರಿನ್ ಸೇರಿದ ಹರಳು) ಆರಿಸಿಕೊಳ್ಳಿ. ಕ್ವಾರ್ಟ್ಜ್ ನಳಿಕೆಯನ್ನು ನಿರ್ವಾತದಲ್ಲಿ ಮುಚ್ಚಿ 550 ಡಿಗ್ರಿಗೆ ಕಾಯಿಸುವ ಅನುಕೂಲ ಇಲ್ಲದಿದ್ದರೆ ಬೀಟಾ ಎಲ್‌ಪಿಎಸ್ (ಲಿಥಿಯಂ, ರಂಜಕ, ಗಂಧಕ ಮಾತ್ರ ಇರುವುದು) ಸಾಕು. ಜರ್ಮೇನಿಯಂ ಕೂಡ ಸೇರಿದ ಎಲ್‌ಜಿಪಿಎಸ್‌ಗೆ ಹೆಸರು ದೊಡ್ಡದು, ಆದರೆ ಅದಕ್ಕೆ ದುಡ್ಡು ಸುರಿಯುವ ಮುನ್ನ ಕೆಳಗಿನದನ್ನು ಓದಿ.

ಮೊದಲು ಗಾಳಿ

ಈ ಸಲ್ಫೈಡ್‌ಗಳಿಗೆ ತೇವ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ. ರಂಜಕಕ್ಕೆ ಗಂಧಕಕ್ಕಿಂತ ಆಮ್ಲಜನಕದ ಮೇಲೆ ಒಲವು ಹೆಚ್ಚು. ನೀರು ಸಿಕ್ಕಿದ ಕೂಡಲೇ ಅದು ಗಂಧಕವನ್ನು ಬಿಟ್ಟು ಆಮ್ಲಜನಕವನ್ನು ಹಿಡಿಯುತ್ತದೆ, ಬಿಟ್ಟ ಗಂಧಕ ನೀರಿನ ಹೈಡ್ರೋಜನ್ ಜೊತೆ ಸೇರಿ ಹೊರಗೆ ಬರುತ್ತದೆ.

ನಮ್ಮ ಕಡೆ ಬೇಸಿಗೆ ಒಣಹವೆ, ಏನೂ ಆಗುವುದಿಲ್ಲ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ 40 ಡಿಗ್ರಿ ಬಿಸಿಲು, ಸಾಪೇಕ್ಷ ಆರ್ದ್ರತೆ ಶೇ. 20 ಇದ್ದರೆ ಗಾಳಿಯಲ್ಲಿರುವ ನೀರಾವಿ ಸುಮಾರು 15,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). ಎಸಿ ಹಾಕಿ ಕೋಣೆಯನ್ನು 24 ಡಿಗ್ರಿ, ಶೇ. 50ಕ್ಕೆ ತಂದರೂ ಹೆಚ್ಚುಕಡಿಮೆ ಅದೇ 15,000. ಮಳೆಗಾಲದಲ್ಲಿ ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ 28 ಡಿಗ್ರಿ, ಶೇ. 80 ಆದ ದಿನ 30,000 ದಾಟುತ್ತದೆ. ಬ್ಯಾಟರಿ ಕಾರ್ಖಾನೆಯ ಡ್ರೈ ರೂಮ್‌ನಲ್ಲಿ ಡ್ಯೂ ಪಾಯಿಂಟ್ (ನೀರಾವಿ ಹನಿಗಟ್ಟುವ ಉಷ್ಣತೆ) ಮೈನಸ್ 40 ಡಿಗ್ರಿ ಇದ್ದರೆ ನೀರಾವಿ 130 ಪಿಪಿಎಂ ಆಸುಪಾಸು, ಮೈನಸ್ 60ಕ್ಕೆ ಇಳಿಸಿದರೆ 11. ಒಳ್ಳೆಯ ಗ್ಲೋವ್ ಬಾಕ್ಸ್ (ಆರ್ಗಾನ್ ತುಂಬಿ, ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಒಳಗೆ 1ಕ್ಕಿಂತ ಕಡಿಮೆ. ಬೇಸಿಗೆಯಾಗಲಿ ಮಳೆಗಾಲವಾಗಲಿ, ಡಬ್ಬಿ ತೆರೆಯುವ ಜಾಗ ಗ್ಲೋವ್ ಬಾಕ್ಸ್ ಒಂದೇ. ಹಾಗಾಗಿ ಯಾವುದನ್ನು ಹೊರಗೆ ಬಳಸಬಹುದು ಎಂದು ಹುಡುಕಿ ಫಲವಿಲ್ಲ. ಬಾಕ್ಸ್‌ನಲ್ಲಿ ಸಣ್ಣ ಎಡವಟ್ಟಾದಾಗ ಯಾವುದು ತಾಳಿಕೊಳ್ಳುತ್ತದೆ ಎಂದು ನೋಡಬೇಕು.

ತಾಳಿಕೊಳ್ಳುವುದರಲ್ಲಿ ಮುಂದಿರುವುದು ತವರದ ಸಲ್ಫೈಡ್ (ಲಿಥಿಯಂ 4, ತವರ 1, ಗಂಧಕ 4). ತವರ ಗಂಧಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಅದರ ವಾಹಕತೆ ಸೆಂ.ಮೀ.ಗೆ 0.07 ಮಿಲಿಸೀಮೆನ್ಸ್ (ಮುಂದಿನ ವಾಹಕತೆಯ ಅಂಕಿಗಳೂ ಸೆಂ.ಮೀ.ಗೇ) ಮಾತ್ರ, ಸೆಲ್‌ಗೆ ಅದೊಂದೇ ಸಾಲದು. ಲಿಥಿಯಂ ಸಲ್ಫೈಡ್–ಫಾಸ್ಫರಸ್ ಪೆಂಟಾಸಲ್ಫೈಡ್ ಮಿಶ್ರಣಗಳಲ್ಲಿ ಅತಿ ಕಡಿಮೆ ಅನಿಲ ಬಿಡುವುದು 75:25 ಮೋಲ್ ಅನುಪಾತದ್ದು ಎಂದು ಜಪಾನಿನ ಸಂಶೋಧಕರು 2011ರಲ್ಲಿ ತೋರಿಸಿದರು. ಅದರಲ್ಲಿ ಪ್ರತಿ ರಂಜಕಕ್ಕೂ ನಾಲ್ಕು ಗಂಧಕಗಳ ಬಿಡಿ ಗುಂಪು ಇರುತ್ತದೆ. 70:30ರಲ್ಲಿ ಎರಡು ರಂಜಕಗಳ ನಡುವೆ ಸೇತುವೆಯಾಗಿ ನಿಂತ ಗಂಧಕ ಇದ್ದು, ನೀರು ಮೊದಲು ಮುರಿಯುವುದು ಆ ಸೇತುವೆಯನ್ನೇ.

ಅಪಾಯದ ಪ್ರಮಾಣವನ್ನೂ ತಿಳಿದಿರಬೇಕು. 1 ಗ್ರಾಂ ಆರ್ಜಿರೊಡೈಟ್ ಪೂರ್ತಿ ನೀರಿಗೆ ಸಿಕ್ಕಿ ಅದರ ಗಂಧಕವೆಲ್ಲ ಅನಿಲವಾದರೆ ಸುಮಾರು 450 ಮಿ.ಲೀ. ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು 7ರಿಂದ 8 ಪಿಪಿಎಂ. 10 ಗ್ರಾಂ ಚೆಲ್ಲಿದರೆ 75 ಮೀರುತ್ತದೆ. 100 ಪಿಪಿಎಂ ಜೀವಕ್ಕೆ ತಕ್ಷಣದ ಅಪಾಯ. ಆ ಮಟ್ಟದಲ್ಲಿ ಮೂಗು ಜಡ್ಡುಗಟ್ಟಿ ಕೊಳೆತ ಮೊಟ್ಟೆಯ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವುದು ಪ್ರಾಣಾಂತಿಕ. 10 ಪಿಪಿಎಂಗೆ ಕೂಗುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಎದೆಮಟ್ಟದಲ್ಲಿ ತೂಗುಹಾಕಿ, ಆಮೇಲೆ ಪುಡಿ ತರಿಸಿ.

ಗ್ಲೋವ್ ಬಾಕ್ಸ್ ಬಗ್ಗೆ ಎರಡು ಮಾತು. ಆಮ್ಲಜನಕ ಹೀರುವ ತಾಮ್ರದ ಕ್ಯಾಟಲಿಸ್ಟ್‌ಗೆ ಹೈಡ್ರೋಜನ್ ಸಲ್ಫೈಡ್ ವಿಷ. ಸಲ್ಫೈಡ್ ಕೆಲಸಕ್ಕೆ ಬಾಕ್ಸ್ ಕೊಳ್ಳುವಾಗ ಕ್ಯಾಟಲಿಸ್ಟ್‌ಗಿಂತ ಮೊದಲು ಬರುವ ಗಂಧಕ ಹೀರುವ ಫಿಲ್ಟರ್ ಕೇಳಿ ಹಾಕಿಸಿ, ದ್ರವ ಎಲೆಕ್ಟ್ರೋಲೈಟ್ ಬಳಸುವವರ ಬಾಕ್ಸ್ ಹಂಚಿಕೊಳ್ಳಬೇಡಿ. ಇನ್ನು ಆರ್ಗಾನ್. ಬಳ್ಳಾರಿ, ತೋರಣಗಲ್ಲು ಕಡೆ ವೆಲ್ಡಿಂಗ್ ಕೆಲಸ ಜಾಸ್ತಿ, ಸಿಲಿಂಡರ್ ಸುಲಭವಾಗಿ ಸಿಗುತ್ತದೆ. ವೆಲ್ಡಿಂಗ್ ದರ್ಜೆಯದು ನಡೆಯುವುದಿಲ್ಲ. ಶೇ. 99.999 ಶುದ್ಧತೆಯ ಪ್ರಮಾಣಪತ್ರ ಇರುವುದನ್ನೇ ತರಿಸಿ. ಕರೆಂಟ್ ಹೋದಾಗ ಒಳಗಿನ ಅನಿಲವನ್ನು ಶುದ್ಧಮಾಡುತ್ತ ತಿರುಗಿಸುವ ಸರ್ಕ್ಯುಲೇಷನ್ ನಿಂತರೆ ಕೈಗವಸಿನ ರಬ್ಬರ್ ಮೂಲಕವೇ ತೇವ ನಿಧಾನವಾಗಿ ಒಳಗೆ ಇಳಿಯುತ್ತದೆ. ಹಾಗಾಗಿ ಯುಪಿಎಸ್ ಇದ್ದರೂ ಪುಡಿಯನ್ನು ಬಿರಡೆ ಸೀಸೆಯಲ್ಲಿ ಹಾಕಿ, ಸೀಸೆಯನ್ನು ಅಲ್ಯೂಮಿನಿಯಂ ಲ್ಯಾಮಿನೇಟ್ ಚೀಲದಲ್ಲಿಟ್ಟು ಹೀಟ್ ಸೀಲ್ ಮಾಡಿಯೇ ಬಾಕ್ಸ್ ಒಳಗೆ ಇಡಿ. ಅದಿರಿನ ಕೆಂಧೂಳು ಬೀಳುವ ಊರುಗಳಲ್ಲಿ ಆಂಟಿಚೇಂಬರಿಗೆ (ಬಾಕ್ಸ್ ಒಳಗೆ ವಸ್ತು ಸಾಗಿಸುವ ಪಕ್ಕದ ಗೂಡಿಗೆ) ಹಾಕುವ ಪ್ರತಿ ವಸ್ತುವನ್ನೂ ಒರೆಸಿ, 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಧೂಳಿನ ಜೊತೆ ತೇವವೂ ಒಳಗೆ ಹೋಗುತ್ತದೆ.

ಆರ್ಜಿರೊಡೈಟ್

ಲಿಥಿಯಂ 6, ರಂಜಕ 1, ಗಂಧಕ 5, ಕ್ಲೋರಿನ್ 1. ಜರ್ಮನಿಯ ಡೈಸರೋತ್ ತಂಡ 2008ರಲ್ಲಿ ಇದನ್ನು ಮುಂದಿಟ್ಟಿತು. ಚೆನ್ನಾಗಿ ಮಾಡಿದರೆ ಕೋಣೆಯ ಉಷ್ಣತೆಯಲ್ಲಿ 1ರಿಂದ 5 ಮಿಲಿಸೀಮೆನ್ಸ್ ಕೊಡುತ್ತದೆ. ಕ್ಲೋರಿನ್ ಬದಲು ಬ್ರೋಮಿನ್ ಹಾಕಿದರೂ ಹೆಚ್ಚು ವ್ಯತ್ಯಾಸವಿಲ್ಲ. ಅಯೋಡಿನ್ ಹಾಕಿದರೆ ಮಾತ್ರ ಸಾವಿರ ಪಟ್ಟು ಬೀಳುತ್ತದೆ: ಅಯೋಡಿನ್ ಗಾತ್ರ ದೊಡ್ಡದು, ಗಂಧಕದ ಜಾಗಕ್ಕೆ ಅದಲುಬದಲಾಗಿ ಕೂರುವುದಿಲ್ಲ. ಆ ಅದಲುಬದಲಿನ ಅಸ್ತವ್ಯಸ್ತತೆಯೇ ಲಿಥಿಯಂ ಒಂದು ಪಂಜರದಿಂದ ಇನ್ನೊಂದಕ್ಕೆ ಹಾರಲು ದಾರಿ ಮಾಡಿಕೊಡುವುದು.

ಗೆಲ್ಲುವ ಕಾರಣ ಮೂರು. ಜರ್ಮೇನಿಯಂನಂಥ ದುಬಾರಿ ಧಾತು ಬೇಡ. ಲಿಥಿಯಂ ಲೋಹ ತಾಗಿದರೆ ಹುಟ್ಟುವ ಪದರದಲ್ಲಿ ಲಿಥಿಯಂ ಸಲ್ಫೈಡ್, ಫಾಸ್ಫೈಡ್, ಕ್ಲೋರೈಡ್ ಇದ್ದು, ಅದು ಒಂದು ಮಟ್ಟಕ್ಕೆ ಬಂದು ನಿಧಾನವಾಗುತ್ತದೆ. ಪುಡಿ ಮೆತ್ತಗಿರುವುದರಿಂದ ಕಾಯಿಸದೆ ಬರೀ ಒತ್ತಿದರೂ ಬಿಲ್ಲೆ ಗಟ್ಟಿಯಾಗುತ್ತದೆ. 2020ರಲ್ಲಿ ಸ್ಯಾಮ್ಸಂಗ್ ಸಂಶೋಧಕರು ಬೆಳ್ಳಿ–ಕಾರ್ಬನ್ ಆನೋಡ್ ಜೊತೆ ಸಾವಿರ ಚಾರ್ಜ್–ಡಿಸ್‌ಚಾರ್ಜ್ ಆವೃತ್ತಿ ನಡೆಸಿದ ಸೆಲ್‌ನಲ್ಲಿ ಇದ್ದದ್ದೂ ಆರ್ಜಿರೊಡೈಟೇ.

5 ಗ್ರಾಂಗೆ ತೂಕ: ಲಿಥಿಯಂ ಸಲ್ಫೈಡ್ 2.140, ಫಾಸ್ಫರಸ್ ಪೆಂಟಾಸಲ್ಫೈಡ್ 2.070, ಲಿಥಿಯಂ ಕ್ಲೋರೈಡ್ 0.790 ಗ್ರಾಂ. ಕ್ಲೋರೈಡ್ ತೇವ ಎಳೆಯುವುದರಲ್ಲಿ ಎತ್ತಿದ ಕೈ. 200 ಡಿಗ್ರಿಯ ನಿರ್ವಾತದಲ್ಲಿ ರಾತ್ರಿಯಿಡೀ ಒಣಗಿಸದೆ ಬಳಸಬೇಡಿ. ಪೆಂಟಾಸಲ್ಫೈಡ್ ತಿಳಿ ಹಳದಿ ಇರಬೇಕು. ಬೂದು ಅಥವಾ ಹಸಿರು ಛಾಯೆ ಕಂಡರೆ ಆ ಸೀಸೆ ಬಿಡಿ.

ಮೂರನ್ನೂ ಅಗೇಟ್ ಕಲ್ಬತ್ತಿನಲ್ಲಿ ಅರೆದು, ಬಾಲ್ ಮಿಲ್‌ನ (ಜಾರ್ ತಿರುಗಿಸಿ ಗುಂಡುಗಳಿಂದ ಅರೆಯುವ ಯಂತ್ರದ) 45 ಮಿ.ಲೀ. ಜಿರ್ಕೋನಿಯಾ ಜಾರ್‌ಗೆ ಸುಮಾರು 2.5 ಗ್ರಾಂ ಹಾಕಿ, 10 ಮಿ.ಮೀ.ನ 15 ಗುಂಡು ಸೇರಿಸಿ. 500 ಆರ್‌ಪಿಎಂನಲ್ಲಿ 15 ನಿಮಿಷ ಓಡಿಸಿ 10 ನಿಮಿಷ ಬಿಡುವು, ಒಟ್ಟು ಓಡಿದ ಸಮಯ 16 ಗಂಟೆ. ಮೇ ತಿಂಗಳಲ್ಲಿ ಕೋಣೆಯೇ ಕಾದಿರುವಾಗ ಬಿಡುವನ್ನು 15–20 ನಿಮಿಷಕ್ಕೆ ಏರಿಸಿ. ಜಾರ್ ಬಿಸಿಯಾದರೆ ಪುಡಿ ಗೋಡೆಗೆ ಅಂಟಿ ಹಪ್ಪಳಗಟ್ಟುತ್ತದೆ, ಅಂಟಿದ ಭಾಗ ಅರೆಯುವುದಿಲ್ಲ. ಅರ್ಧ ದಾರಿಯಲ್ಲಿ ಒಮ್ಮೆ ಜಾರ್‌ನ್ನು ಬಾಕ್ಸ್ ಒಳಗೆ ತೆರೆದು, ಮೂಲೆಯಲ್ಲಿ ಕಚ್ಚಿಕೊಂಡದ್ದನ್ನು ಸ್ಟೀಲ್ ಸ್ಪಾಚುಲಾದಿಂದ ಕೆರೆದು ಮತ್ತೆ ಹಾಕಿ. ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಹಳದಿ ಚುಕ್ಕಿ ಕಂಡರೆ ಇನ್ನೂ ಬೆರೆತಿಲ್ಲ ಎಂದು ಅರ್ಥ.

ಆಮೇಲೆ ಬಿಲ್ಲೆಯಾಗಿ ಒತ್ತಿ, ಕ್ವಾರ್ಟ್ಜ್ ನಳಿಕೆಯಲ್ಲಿ ನಿರ್ವಾತದಲ್ಲಿ ಮುಚ್ಚಿ, ನಿಮಿಷಕ್ಕೆ 1–2 ಡಿಗ್ರಿಯಂತೆ 550ಕ್ಕೆ ಏರಿಸಿ 5 ಗಂಟೆ ಹಿಡಿಯಿರಿ. ಅವಸರದಲ್ಲಿ ಏರಿಸಿದರೆ ಸೇರದೆ ಉಳಿದ ಗಂಧಕ ಆವಿಯಾಗಿ ನಳಿಕೆ ಸಿಡಿಯಬಹುದು. ಪುಡಿ ಕ್ವಾರ್ಟ್ಜ್‌ಗೆ ನೇರವಾಗಿ ತಾಗಿದರೆ ಲಿಥಿಯಂ ಗಾಜನ್ನು ತಿನ್ನುತ್ತದೆ. ನಳಿಕೆಗೆ ಒಳಗಿನಿಂದ ಕಾರ್ಬನ್ ಲೇಪನ ಕೊಡಿ ಅಥವಾ ಗ್ಲಾಸಿ ಕಾರ್ಬನ್ ಬಟ್ಟಲಲ್ಲಿಡಿ.

ಕ್ಲೋರಿನ್ ಹೆಚ್ಚಿಸಿದ ರೂಪವೂ ಇದೆ: ಲಿಥಿಯಂ 5.5, ಗಂಧಕ 4.5, ಕ್ಲೋರಿನ್ 1.5. ಕೆನಡಾದ ಲಿಂಡಾ ನಾಜರ್ ತಂಡ 2019ರಲ್ಲಿ ಬರೀ ಒತ್ತಿದ ಬಿಲ್ಲೆಯಲ್ಲಿ 9.4, ಕಾಯಿಸಿದಾಗ 12 ಮಿಲಿಸೀಮೆನ್ಸ್ ಪಡೆಯಿತು. 5 ಗ್ರಾಂಗೆ 1.723, 2.084, 1.193 ಗ್ರಾಂ, ಮೇಲಿನ ಕ್ರಮದಲ್ಲೇ. ದುಬಾರಿಯಾದ ಲಿಥಿಯಂ ಸಲ್ಫೈಡ್ ಕಡಿಮೆ ಬೇಕಾಗುವುದು ಇದರ ಲಾಭ. ಆದರೆ ಕುಲುಮೆಯ ಉಷ್ಣತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಕ್ಲೋರೈಡ್ ಬೇರೆಯಾಗಿ ಉಳಿಯುತ್ತದೆ. ಸಾದಾ ಆರ್ಜಿರೊಡೈಟ್ ಸಲೀಸಾಗಿ ಬಂದ ಮೇಲೆ ಇದಕ್ಕೆ ಹೋಗಿ.

ಎಲ್‌ಪಿಎಸ್ ಕುಟುಂಬ

ಬೀಟಾ ಎಲ್‌ಪಿಎಸ್ (ಲಿಥಿಯಂ 3, ರಂಜಕ 1, ಗಂಧಕ 4) ಮಾಡಲು ಬಾಲ್ ಮಿಲ್ಲೂ ಬೇಡ, ದೊಡ್ಡ ಕುಲುಮೆಯೂ ಬೇಡ. ಲಿಥಿಯಂ ಸಲ್ಫೈಡ್ 1.914 ಗ್ರಾಂ, ಪೆಂಟಾಸಲ್ಫೈಡ್ 3.086 ಗ್ರಾಂ ತೂಗಿ, ಒಣಗಿಸಿದ ಟೆಟ್ರಾಹೈಡ್ರೋಫ್ಯುರಾನ್‌ನಲ್ಲಿ ಬಾಕ್ಸ್ ಒಳಗೆ ಕಲಕುತ್ತ ಬಿಡಿ. ಒಂದು ದಿನದಲ್ಲಿ ಬಿಳಿ ಗಷ್ಟು ತಳಕ್ಕೆ ಕೂರುತ್ತದೆ. ಅದು ದ್ರಾವಕವನ್ನು ಒಳಗೆ ಸೇರಿಸಿಕೊಂಡ ಹರಳು. ಸೋಸಿ, ನಿರ್ವಾತದಲ್ಲಿ 140 ಡಿಗ್ರಿಗೆ ಕಾಯಿಸಿದರೆ ದ್ರಾವಕ ಹೋಗಿ ಬೀಟಾ ರೂಪ ಉಳಿಯುತ್ತದೆ. 80 ಡಿಗ್ರಿಗೇ ನಿಲ್ಲಿಸಿದರೆ ಹರಳಾಗದ ಪುಡಿ ಸಿಗುತ್ತದೆ. 2013ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯ ಹೀಗೆ ಪಡೆದದ್ದು 0.16 ಮಿಲಿಸೀಮೆನ್ಸ್. ಅಂಕಿ ಸಣ್ಣದು ನಿಜ, ಆದರೆ ಎಂ.ಎಸ್ಸಿ. ಪ್ರಾಜೆಕ್ಟ್‌ನ ಅವಧಿಯಲ್ಲಿ ಖಂಡಿತ ಮುಗಿಯುವ ಕೆಲಸ, ಮತ್ತು ತೇವಕ್ಕೆ ತುಸು ತಾಳುವಂಥದು. ಬಾಕ್ಸ್‌ನಲ್ಲಿ ದ್ರಾವಕ ಬಳಸುವಾಗ ಸರ್ಕ್ಯುಲೇಷನ್ ನಿಲ್ಲಿಸಿ, ಮುಗಿದ ಮೇಲೆ ಆರ್ಗಾನ್‌ನಿಂದ ಪರ್ಜ್ ಮಾಡಿ, ಇಲ್ಲದಿದ್ದರೆ ಆವಿ ಕ್ಯಾಟಲಿಸ್ಟ್‌ಗೆ ಹೋಗುತ್ತದೆ.

70:30ರಿಂದ ಬರುವ ಗಾಜು–ಹರಳು (ಲಿಥಿಯಂ 7, ರಂಜಕ 3, ಗಂಧಕ 11) 2005ರಲ್ಲಿ 3.2, ಬಿಸಿಯಲ್ಲಿ ಒತ್ತಿ ಕಿಂಡಿಗಳನ್ನು ಮುಚ್ಚಿದಾಗ 2014ರಲ್ಲಿ 17 ಮಿಲಿಸೀಮೆನ್ಸ್ ಮುಟ್ಟಿತು. ಇದರ ತಾಪತ್ರಯ ಉಷ್ಣತೆಯದ್ದು. 240–280 ಡಿಗ್ರಿಯಲ್ಲಿ ಹರಳಾಗುತ್ತದೆ. ಇನ್ನೂ ಮೇಲೆ ಹೋದರೆ ಒಡೆದು, ಅಯಾನು ಹರಿಯದ ಹೈಪೋಥಯೋಡೈಫಾಸ್ಫೇಟ್ ಆಗುತ್ತದೆ. ಕುಲುಮೆಯ ಥರ್ಮೋಕಪಲ್ 30 ಡಿಗ್ರಿ ಸುಳ್ಳು ಹೇಳಿದರೆ ಇಡೀ ಬ್ಯಾಚ್ ಹಾಳು. ರಾಮನ್ (ಚದುರಿದ ಬೆಳಕಿನಿಂದ ಅಣುಗುಂಪು ಗುರುತಿಸುವ) ಸೌಲಭ್ಯ ಇದ್ದರೆ ಪರೀಕ್ಷೆ ಸುಲಭ: ಸೆಂ.ಮೀ.ಗೆ 420ರ ಹತ್ತಿರದ ಶಿಖರ ಬಿಡಿ ಗುಂಪಿನದು, 405 ಸೇತುವೆ ಇರುವುದರದು, 385–390 ಕೆಟ್ಟದ್ದರದು. ಗಾಳಿಗೂ ಇದು ಬೇಗ ಸೋಲುತ್ತದೆ. ನಮ್ಮ ಕಡೆಗೆ ಇದನ್ನು ಶಿಫಾರಸು ಮಾಡುವುದಿಲ್ಲ.

ಎಲ್‌ಜಿಪಿಎಸ್ ಏಕೆ ಬೇಡ

2011ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರ್ಯೋಜಿ ಕನ್ನೋ ತಂಡ ಇದರಲ್ಲಿ 12 ಮಿಲಿಸೀಮೆನ್ಸ್ ತೋರಿಸಿದಾಗ ಘನವಸ್ತುವೊಂದು ಮೊದಲ ಬಾರಿಗೆ ದ್ರವ ಎಲೆಕ್ಟ್ರೋಲೈಟ್‌ಗೆ ಸರಿಗಟ್ಟಿ ನಿಂತಿತು. 2016ರಲ್ಲಿ ಅದೇ ಬಳಗ ಸಿಲಿಕಾನ್, ಕ್ಲೋರಿನ್ ಇರುವ ರೂಪದಲ್ಲಿ 25 ಮುಟ್ಟಿತು. ವಿಜ್ಞಾನದ ದೃಷ್ಟಿಯಿಂದ ದೊಡ್ಡ ಸಾಧನೆ. ಆದರೆ ಜರ್ಮೇನಿಯಂ ದುಬಾರಿ. ಅದಕ್ಕಿಂತ ಮುಖ್ಯವಾಗಿ, ಲಿಥಿಯಂ ಲೋಹ ತಾಗಿದ ಕಡೆ ಜರ್ಮೇನಿಯಂ ಅಪಕರ್ಷಣೆಗೊಂಡು ಲಿಥಿಯಂ ಜೊತೆ ಮಿಶ್ರಲೋಹವಾಗುತ್ತದೆ. ಆ ಮಿಶ್ರಲೋಹದಲ್ಲಿ ಎಲೆಕ್ಟ್ರಾನ್ ಹರಿಯುವುದರಿಂದ ಪ್ರತಿಕ್ರಿಯೆ ನಿಲ್ಲದೆ ಒಳಗೊಳಗೆ ಸಾಗುತ್ತದೆ. ಜರ್ಮೇನಿಯಂ ಬದಲು ತವರ ಹಾಕಿದ್ದು 4 ಮಿಲಿಸೀಮೆನ್ಸ್ ಸುತ್ತಮುತ್ತ ಕೊಡುತ್ತದೆ, ಅಗ್ಗವೂ ಹೌದು, ಆದರೆ ಲಿಥಿಯಂ ಎದುರು ಅದೇ ರೋಗ. ಕ್ಯಾಥೋಡ್ ಮಿಶ್ರಣದೊಳಗೆ ಬಳಸುವುದಾದರೆ ಮಾತ್ರ ಇವನ್ನು ಯೋಚಿಸಬಹುದು.

ಒತ್ತುವುದು, ಅಳೆಯುವುದು

ಇನ್‌ಫ್ರಾರೆಡ್ (ಐಆರ್) ಪರೀಕ್ಷೆಗೆ ಪೊಟ್ಯಾಸಿಯಂ ಬ್ರೋಮೈಡ್ (ಕೆಬಿಆರ್) ಬಿಲ್ಲೆ ಮಾಡುವ 15 ಟನ್ ಪ್ರೆಸ್ ಹೆಚ್ಚಿನ ರಸಾಯನಶಾಸ್ತ್ರ ವಿಭಾಗಗಳಲ್ಲಿ ಇರುತ್ತದೆ. ಅದು ಸಾಕು. 370 ಮೆಗಾಪ್ಯಾಸ್ಕಲ್ ಬೇಕಾದರೆ 10 ಮಿ.ಮೀ. ಡೈಗೆ 3 ಟನ್, 13 ಮಿ.ಮೀ. ಡೈಗೆ 5 ಟನ್. ಅಳೆಯಲು ಮಾತ್ರ ಉಕ್ಕಿನ ಡೈ ನಡೆಯದು. ಪೀಕ್ ಪ್ಲಾಸ್ಟಿಕ್‌ನ ದಪ್ಪ ಗೋಡೆಯ ಕೊಳವೆ, ಎರಡು ಕಡೆ ಸ್ಟೇನ್‌ಲೆಸ್ ಸ್ಟೀಲ್ ಪಂಚ್ ಮಾಡಿಸಿ. ಬಳ್ಳಾರಿಯ ಒಳ್ಳೆಯ ಲೇತ್ ಅಂಗಡಿಯಲ್ಲಿ ಆಗುವ ಕೆಲಸ. ತಾಮ್ರ, ಹಿತ್ತಾಳೆ ಬೇಡ, ಸಲ್ಫೈಡ್ ತಾಗಿ ಕಪ್ಪಾಗುತ್ತವೆ. ಒತ್ತಡ ಬಿಟ್ಟು ಅಳೆದರೆ ಸಂಪರ್ಕ ಸಡಿಲವಾಗಿ ವಾಹಕತೆ ಕಡಿಮೆ ಕಾಣುತ್ತದೆ. ಬೋಲ್ಟ್ ಬಿಗಿದ ಚೌಕಟ್ಟಿನಲ್ಲಿಟ್ಟೇ ಅಳೆಯಿರಿ.

100 ಮಿ.ಗ್ರಾಂ. ಆರ್ಜಿರೊಡೈಟ್ 10 ಮಿ.ಮೀ. ಡೈನಲ್ಲಿ ಸುಮಾರು 0.8 ಮಿ.ಮೀ. ದಪ್ಪದ ಬಿಲ್ಲೆಯಾಗುತ್ತದೆ. ವಾಹಕತೆ 2 ಮಿಲಿಸೀಮೆನ್ಸ್ ಇದ್ದರೆ ರೋಧ 51 ಓಮ್ ಬರಬೇಕು. ಅದೇ 12 ಮಿಲಿಸೀಮೆನ್ಸ್‌ನ ಪುಡಿಯಾದರೆ ಬರೀ 8 ಓಮ್. ಆಗ ವೈರಿನ 1 ಓಮ್ ಕೂಡ ಉತ್ತರವನ್ನು ಕೆಡಿಸುತ್ತದೆ. ಪಂಚ್‌ಗಳನ್ನು ಒಂದಕ್ಕೊಂದು ತಾಗಿಸಿ ಖಾಲಿ ಅಳತೆ ತೆಗೆದು ಕಳೆಯಿರಿ.

ನಮ್ಮ ಸೀಮೆಯಲ್ಲಿ ಹೆಚ್ಚು ಎಡವುವುದು ಉಷ್ಣತೆಯಲ್ಲಿ. 0.35 ಎಲೆಕ್ಟ್ರಾನ್ ವೋಲ್ಟ್ ಸಕ್ರಿಯಣ ಶಕ್ತಿಯ (ಅಯಾನು ಹಾರಲು ಬೇಕಾದ ಶಕ್ತಿಯ) ವಸ್ತು 25 ಡಿಗ್ರಿಗಿಂತ 40 ಡಿಗ್ರಿಯಲ್ಲಿ 1.8 ಪಟ್ಟು ಹೆಚ್ಚು ವಾಹಕತೆ ತೋರಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಅಳೆದು ‘ಕೋಣೆಯ ಉಷ್ಣತೆ’ ಎಂದು ಬರೆದ 3.6, ಬೇರೆಯವರ 25 ಡಿಗ್ರಿಯ 2ಕ್ಕೆ ಸಮ. ಸಸ್ಯಶಾಸ್ತ್ರ ಅಥವಾ ಸೂಕ್ಷ್ಮಜೀವಿ ವಿಭಾಗದ ಬಿಒಡಿ ಇನ್‌ಕ್ಯುಬೇಟರ್ (ಉಷ್ಣತೆಯನ್ನು ಸ್ಥಿರವಾಗಿಡುವ ಪೆಟ್ಟಿಗೆ) ಕೇಳಿ, ಸೆಲ್‌ನ್ನು 25 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಅಳೆಯಿರಿ. ಎರಡು ಪುಡಿಗಳನ್ನು ಹೋಲಿಸುವಾಗ ಇದನ್ನು ಬಿಟ್ಟರೆ ಹೋಲಿಕೆಯೇ ಇಲ್ಲ.

ಎಲೆಕ್ಟ್ರೋಡ್ ಕಡೆ

ಸಲ್ಫೈಡ್‌ಗಳು ನಿಜವಾಗಿ ಸ್ಥಿರವಾಗಿರುವ ವ್ಯಾಪ್ತಿ ಲೆಕ್ಕದ ಪ್ರಕಾರ ಲಿಥಿಯಂ ಎದುರು 1.7ರಿಂದ 2.3 ವೋಲ್ಟ್ ಒಳಗೆ. 4 ವೋಲ್ಟ್‌ನ ನಿಕ್ಕಲ್–ಮ್ಯಾಂಗನೀಸ್–ಕೋಬಾಲ್ಟ್ ಆಕ್ಸೈಡ್‌ನ್ನು ಹಾಗೇ ಬೆರೆಸಿದರೆ ಮೊದಲ ಚಾರ್ಜ್‌ನಲ್ಲೇ ರೋಧ ಏರುತ್ತದೆ. ಕೆಲವು ನ್ಯಾನೋಮೀಟರ್ ದಪ್ಪದ ಲಿಥಿಯಂ ನಯೋಬೇಟ್ ಲೇಪನ ಬೇಕೇ ಬೇಕು. ಕ್ಯಾಥೋಡ್ 70, ಎಲೆಕ್ಟ್ರೋಲೈಟ್ 30 ತೂಕದ ಅನುಪಾತದಿಂದ ಶುರುಮಾಡಿ. ಕಾರ್ಬನ್ ಬ್ಲ್ಯಾಕ್ ಮೇಲ್ಮೈ ಹೆಚ್ಚಿರುವುದರಿಂದ ಸಲ್ಫೈಡ್‌ನ್ನು ಬೇಗ ಸುಡುತ್ತದೆ. ಬೇಕೇ ಆದರೆ ಕಾರ್ಬನ್ ನಾರು ಶೇ. 2–3 ಹಾಕಿ.

ಲೇಪನ ಕೈಗೂಡದಿದ್ದರೆ ಇನ್ನೊಂದು ದಾರಿ ಇದೆ. ಕ್ಯಾಥೋಡ್ ಮಿಶ್ರಣದಲ್ಲಿ ಇಂಡಿಯಂ ಹ್ಯಾಲೈಡ್ (ಲಿಥಿಯಂ 3, ಇಂಡಿಯಂ 1, ಕ್ಲೋರಿನ್ 6), ನಡುವೆ ಆರ್ಜಿರೊಡೈಟ್. ಹ್ಯಾಲೈಡ್ 4 ವೋಲ್ಟ್ ತಾಳುತ್ತದೆ, ನೀರಿನಲ್ಲೇ ತಯಾರಿಸಿ 200 ಡಿಗ್ರಿ ನಿರ್ವಾತದಲ್ಲಿ ಒಣಗಿಸಬಹುದು. ಲಿಥಿಯಂ ಲೋಹಕ್ಕೆ ಮಾತ್ರ ತಾಗಬಾರದು.

ಆನೋಡ್‌ಗೆ ಮೊದಲು ಲಿಥಿಯಂ–ಇಂಡಿಯಂ ಬಳಸಿ, ಲಿಥಿಯಂ ಎದುರು ಅದರ ವೋಲ್ಟೇಜ್ 0.62 ವೋಲ್ಟ್‌ನಲ್ಲಿ ಸ್ಥಿರವಾಗಿರುತ್ತದೆ. ಬರೀ ಲಿಥಿಯಂಗೆ ಹೋದರೆ ಸ್ಟ್ಯಾಕ್ ಒತ್ತಡ (ನಡೆಯುವಾಗ ಸೆಲ್‌ನ್ನು ಬಿಗಿದಿಡುವ ಒತ್ತಡ) 5 ಮೆಗಾಪ್ಯಾಸ್ಕಲ್ ಸುತ್ತ ಇರಲಿ. 25ಕ್ಕೆ ಬಿಗಿದರೆ ಮೆತ್ತನೆಯ ಲಿಥಿಯಂ ಕಿಂಡಿಗಳಲ್ಲಿ ತೂರಿ ಶಾರ್ಟ್ ಆಗುತ್ತದೆ.

ಕೊಳ್ಳುವುದೋ, ಮಾಡುವುದೋ

ನಿಮ್ಮ ಪ್ರಶ್ನೆ ಕ್ಯಾಥೋಡ್ ಅಥವಾ ಆನೋಡ್ ಬಗ್ಗೆ ಇದ್ದರೆ ಆರ್ಜಿರೊಡೈಟ್ ಪುಡಿ ಕೊಂಡುಬಿಡಿ. ತಯಾರಿಕೆಯಲ್ಲೇ ವರ್ಷ ಕಳೆಯಬೇಡಿ. ಪ್ರಶ್ನೆ ಎಲೆಕ್ಟ್ರೋಲೈಟ್ ಬಗ್ಗೆಯೇ ಇದ್ದರೂ 5 ಗ್ರಾಂ ಕೊಂಡದ್ದನ್ನು ಅಳತೆಗೋಲಾಗಿ ಪಕ್ಕದಲ್ಲಿಟ್ಟುಕೊಳ್ಳಿ. ಪಾರ್ಸೆಲ್ ಬಂದಾಗ ಚೀಲ ಉಬ್ಬಿದ್ದರೆ ಒಳಗೆ ಅನಿಲ ಹುಟ್ಟಿದೆ ಎಂದು ಅರ್ಥ. ಕತ್ತರಿಸಬೇಡಿ, ಫ್ಯೂಮ್ ಹುಡ್‌ನಲ್ಲಿಟ್ಟು ಫೋಟೋ ತೆಗೆದು ಮಾರಿದವರಿಗೆ ಕಳಿಸಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತರಿಸುವುದಾದರೆ ಎರಡು ಪದರದ ಸೀಲ್ ಬೇಕೆಂದು ಆರ್ಡರ್‌ನಲ್ಲೇ ಬರೆಯಿರಿ.

ಕೆಟ್ಟ ಪುಡಿ, ಒಡೆದ ಬಿಲ್ಲೆಗಳನ್ನು ಕಸದ ಬುಟ್ಟಿಗೋ ಸಿಂಕ್‌ಗೋ ಹಾಕುವಂತಿಲ್ಲ. ಅಂಟಿದ ಲಿಥಿಯಂ ಚೂರನ್ನು ಮೊದಲು ಬೇರೆ ಮಾಡಿ. ಫ್ಯೂಮ್ ಹುಡ್‌ನಲ್ಲಿ, ಮಂಜುಗಡ್ಡೆಯ ಮೇಲಿಟ್ಟ ಶೇ. 10ರ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಒಂದು ಸಲಕ್ಕೆ ಅರ್ಧ ಗ್ರಾಂಗಿಂತ ಕಡಿಮೆ ಹಾಕಿ ಕಲಕಿ. ಪಿಎಚ್ 12ರ ಕೆಳಗೆ ಇಳಿಯಬಾರದು. ಆ ದ್ರಾವಣಕ್ಕೆ ಆಮ್ಲ ಬಿದ್ದರೆ ಹಿಡಿದಿಟ್ಟ ಅನಿಲವೆಲ್ಲ ಒಮ್ಮೆಲೇ ಹೊರಬರುತ್ತದೆ. ಕ್ಯಾನ್ ಮೇಲೆ ‘ಸಲ್ಫೈಡ್, ಆಮ್ಲ ಸೇರಿಸಬಾರದು’ ಎಂದು ಕನ್ನಡದಲ್ಲೇ ದಪ್ಪಗೆ ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡುವವರೆಗೆ ಆಮ್ಲದ ಕಪಾಟಿನಿಂದ ದೂರ ಬೇರೆ ಕಪಾಟಿನಲ್ಲಿಡಿ.